ಬ್ರೇಕ್ ಆಯಿಲ್‌ಗೆ ಸಾವಿರ ರೂಪಾಯಿ ಯಾರು ಕೊಡುತ್ತಾರೆ?

(ಬೆಂಗಳೂರಿನಲ್ಲಿ ಗ್ಯಾರೇಜ್ ಮಾಲೀಕರು ಮತ್ತು ಸ್ಪೇರ್ ಪಾರ್ಟ್ಸ್ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ಪ್ರಶ್ನೆ ಸರಳವಾಗಿದೆ. ಕಾರಿನ ಹುಚ್ಚಿರುವ ಗಿರಾಕಿಗಳು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ದುಬಾರಿ ಬ್ರೇಕ್ ಆಯಿಲ್ ಮಾರಬಹುದಾ? ಅದರಲ್ಲಿ ವ್ಯಾಪಾರ ಇದೆಯಾ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾರಬಹುದು. ಆದರೆ ಬರೀ ಬಾಟಲಿ ಮಾರಿ ಅಂಗಡಿ ನಡೆಯುವುದಿಲ್ಲ. ಹಣ ಇರುವುದು ಹಳೇ ಆಯಿಲ್ ತೆಗೆದು ಹೊಸದು ತುಂಬುವ ಕೆಲಸದಲ್ಲಿ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಇಪ್ಪತ್ತು ವರ್ಷದಿಂದ ಗ್ಯಾರೇಜ್ ಕೆಲಸದಲ್ಲಿದ್ದೇನೆ. ಮೊದಲು ಇಂಜಿನ್ ಕೆಲಸ ಮಾಡುತ್ತಿದ್ದೆ. ಬ್ರೇಕ್ ಕಡೆ ತಿರುಗಿದ್ದಕ್ಕೆ ಒಂದು ಕಾರಣ ಇದೆ. 2009ರ ಬೇಸಿಗೆಯಲ್ಲಿ ಅಮ್ಮ, ಅಕ್ಕ, ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಸೆಕೆಂಡ್ ಹ್ಯಾಂಡ್ ಕಾರು. ವಾರದ ಹಿಂದೆ ಒಂದು ಕಡೆ ಸರ್ವಿಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ ಬ್ರೇಕ್ ಚೆಕ್ ಅಂತ ಬರೆದಿತ್ತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದೆವು. ಮುಂದೆ ಒಂದು ಬಸ್ಸು. ಅದರ ಹಿಂದೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಗಟ್ಟಿ ಸಿಗಲೇ ಇಲ್ಲ. ಸ್ಪಂಜಿನ ಹಾಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ನೆಲಕ್ಕೆ ತಾಗಿತು. ಎರಡನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ. ಆ ಮೌನ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಒಂದು ಗಂಟೆ ಅಲ್ಲೇ ಕೂತೆವು. ಆಮೇಲೆ ಪೆಡಲ್ ಒತ್ತಿ ನೋಡಿದರೆ ಗಟ್ಟಿಯಾಗಿದೆ! ಏನೂ ಆಗಿಲ್ಲ ಅನ್ನುವ ಹಾಗೆ. ನನಗೆ ಹೆದರಿಕೆ ಆಗಿದ್ದು ಆಗ. ಆ ಸ್ಥಿತಿಯಲ್ಲಿ ಯಾವ ಮೆಕ್ಯಾನಿಕ್ ಹತ್ತಿರ ಹೋಗಿದ್ದರೂ "ಬ್ರೇಕ್ ಚೆನ್ನಾಗೇ ಇದೆಯಲ್ಲ ಸಾರ್" ಅನ್ನುತ್ತಿದ್ದ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣದಲ್ಲಿತ್ತು. ವರ್ಷಗಟ್ಟಲೆ ಯಾರೂ ಬದಲಾಯಿಸಿರಲಿಲ್ಲ. ಕಡಿಮೆಯಾದಾಗ ಮೇಲಿಂದ ಸುರಿದು ಸುಮ್ಮನಾಗಿದ್ದರು.

ಬ್ರೇಕ್ ಆಯಿಲ್ ಅನ್ನುತ್ತೇವೆ, ನಾನೂ ಹಾಗೇ ಅನ್ನುತ್ತೇನೆ. ಆದರೆ ಅದು ಎಣ್ಣೆ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಎಣ್ಣೆ ನೀರಿನ ಜೊತೆ ಸೇರುವುದಿಲ್ಲ, ಇದು ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುತ್ತಲ್ಲ, ಹಾಗೆ. ಮುಚ್ಚಳದಲ್ಲಿರುವ ಗಾಳಿ ದಾರಿಯಿಂದ, ರಬ್ಬರ್ ಹೋಸ್‌ಗಳ ಗೋಡೆಯಿಂದ ತೇವ ನಿಧಾನವಾಗಿ ಒಳಗೆ ಬರುತ್ತದೆ. ಕಾರು ಓಡಿದರೂ ಬರುತ್ತದೆ, ಮನೆ ಮುಂದೆ ಸುಮ್ನೆ ನಿಂತಿದ್ದರೂ ಬರುತ್ತದೆ. ಮಂಗಳೂರು, ಉಡುಪಿ ಕಡೆಯ ಗಾಳಿಯಲ್ಲಿ ಇನ್ನೂ ಬೇಗ. ನೀರು ಸೇರಿದಷ್ಟೂ ಆಯಿಲ್ ಬೇಗ ಕುದಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲ್ ಒತ್ತಿದ ಬಲವೆಲ್ಲ ಆ ಗುಳ್ಳೆ ಹಿಂಡುವುದರಲ್ಲೇ ಮುಗಿಯುತ್ತದೆ, ಚಕ್ರದ ಡಿಸ್ಕ್ ಹಿಡಿಯುವ ಪ್ಯಾಡಿಗೆ ಏನೂ ಸಿಗುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ. ಚಾರ್ಮಾಡಿಯಲ್ಲಿ ನನ್ನ ಪೆಡಲ್ ವಾಪಸ್ ಬಂದಿದ್ದು ಹೀಗೆ.

ಅಷ್ಟು ಬಿಸಿ ಎಲ್ಲಿಂದ ಬರುತ್ತೆ ಅಂತ ಗಿರಾಕಿಗಳು ಕೇಳುತ್ತಾರೆ. ನಾನು ಅವರಿಗೆ ಆಗುಂಬೆ ಘಾಟಿಯ ಲೆಕ್ಕ ಹೇಳುತ್ತೇನೆ. 14 ಹೇರ್‌ಪಿನ್ ತಿರುವಿನ ದಾರಿ ಅದು. ನಾಲ್ಕು ಜನ, ಲಗೇಜು ಎಲ್ಲ ಸೇರಿ ಕಾರಿನ ತೂಕ 1,500 ಕೆ.ಜಿ. ಅಂದುಕೊಳ್ಳಿ. ಮೇಲಿಂದ ಸೋಮೇಶ್ವರಕ್ಕೆ ಬರುವಷ್ಟರಲ್ಲಿ ಸುಮಾರು 500 ಮೀಟರ್ ಕೆಳಗೆ ಇಳಿದಿರುತ್ತೇವೆ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ತಡೆದರೆ ಹುಟ್ಟುವ ಬಿಸಿಯಲ್ಲಿ ಸುಮಾರು 23 ಲೀಟರ್ ತಣ್ಣೀರಿಗೆ ಕುದಿ ಬರಿಸಬಹುದು. ಬಚ್ಚಲುಮನೆ ಹಂಡೆ ನೆನಪಿಸಿಕೊಳ್ಳಿ. ಒಬ್ಬರ ಸ್ನಾನಕ್ಕೆ ಸಾಕಾಗುವಷ್ಟು ನೀರನ್ನು ನಾಲ್ಕು ಬ್ರೇಕು ಸೇರಿ ಕುದಿಸಿದ ಹಾಗೆ. ಅದರಲ್ಲೂ ದೊಡ್ಡ ಪಾಲು ಮುಂದಿನ ಎರಡು ಚಕ್ರಗಳದ್ದು. ಕೆಳಗಿನ ಗೇರಿನಲ್ಲಿ ಇಳಿದರೆ ಇಂಜಿನ್ ಒಂದಿಷ್ಟು ಭಾರ ಹೊರುತ್ತದೆ. ಆಟೊಮ್ಯಾಟಿಕ್ ಕಾರು ಓಡಿಸುವ ಎಷ್ಟೋ ಜನಕ್ಕೆ ಅದೂ ಗೊತ್ತಿರುವುದಿಲ್ಲ. ಡಿ ಗೇರಿನಲ್ಲೇ ಹಾಕಿಕೊಂಡು ಕೆಳಗಿನ ತನಕ ಬ್ರೇಕ್ ಒತ್ತುತ್ತಾ ಬರುತ್ತಾರೆ.

ಈಗ ಬಾಟಲಿಯ ಮೇಲಿನ ಅಂಕಿಗಳಿಗೆ ಬರೋಣ. ವ್ಯಾಪಾರ ಮಾಡುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಡಾಟ್ ಅನ್ನುವುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲ ಅಕ್ಷರಗಳು. ಅವರ ನಿಯಮದ ಪ್ರಕಾರ ಹೊಸ ಡಾಟ್ 3 ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಡಾಟ್ 4ಕ್ಕೆ ಅದು 230, ಡಾಟ್ 5.1ಕ್ಕೆ 260. ಇದಕ್ಕೆ ಡ್ರೈ ಬಾಯ್ಲಿಂಗ್ ಪಾಯಿಂಟ್ ಅನ್ನುತ್ತಾರೆ. ಸೀಲ್ ಒಡೆದ ದಿನದ ಅಂಕಿ ಅದು. ಇನ್ನೊಂದು ಇದೆ, ವೆಟ್. ಆಯಿಲ್‌ನಲ್ಲಿ ಶೇಕಡಾ 3.7ರಷ್ಟು ನೀರು ಸೇರಿಸಿ ಅಳೆಯುವುದು. ಅಂದರೆ ಕಾರಿನಲ್ಲಿ ಕೆಲವು ವರ್ಷ ಕಳೆದ ಆಯಿಲ್‌ನ ಸ್ಥಿತಿ. ಅಲ್ಲಿ ಡಾಟ್ 3 ಬರೀ 140ಕ್ಕೆ ಇಳಿಯುತ್ತದೆ. ಡಾಟ್ 4 155ಕ್ಕೆ, ಡಾಟ್ 5.1 180ಕ್ಕೆ. ಶೇಕಡಾ ನಾಲ್ಕರಷ್ಟೂ ಇಲ್ಲದ ನೀರು 65, 75, 80 ಡಿಗ್ರಿ ತಿಂದುಹಾಕುತ್ತದೆ.

ದುಬಾರಿ ಬಾಟಲಿಗಳನ್ನು ಇದರ ಪಕ್ಕ ಇಟ್ಟು ನೋಡಿ. ಕಾರು ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ಮೋಟುಲ್ ಆರ್‌ಬಿಎಫ್ 600. ಡ್ರೈ 312 ಡಿಗ್ರಿ. ಅದರ ಅಣ್ಣ ಆರ್‌ಬಿಎಫ್ 660 ಇನ್ನೂ ಮೇಲೆ, 325. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಎರಡರ ವೆಟ್ ಅಂಕಿಯೂ 200 ದಾಟಿ ಸ್ವಲ್ಪ ಮೇಲೆ ಅಷ್ಟೇ. ಅಂದರೆ ನೀರು ಕುಡಿದ ರೇಸಿಂಗ್ ಆಯಿಲ್‌ಗಿಂತ ಇವತ್ತು ಸೀಲ್ ಒಡೆದ ಮಾಮೂಲಿ ಡಾಟ್ 4 ಮೇಲು! ಕ್ಯಾಸ್ಟ್ರಾಲ್‌ನ ಎಸ್‌ಆರ್‌ಎಫ್ ಮಾತ್ರ ಬೇರೆ ಥರ. ಡ್ರೈ 320, ವೆಟ್ 270. ಅದರ ಬೆಲೆಯೂ ಹಾಗೇ ಇದೆ, ಎಲ್ಲರ ಕೈಗೆ ಎಟುಕುವುದಿಲ್ಲ.

ಗಿರಾಕಿ ಕೇಳುವುದು 312. ಅವನ ಕಾರಿನಲ್ಲಿ ಎರಡು ವರ್ಷ ಕಳೆದ ಮೇಲೆ ಇರುವುದು ಬೇರೆ ಅಂಕಿ. ಈ ಎರಡರ ನಡುವಿನ ಅಂತರವನ್ನು ಯಾರು ಅವನಿಗೆ ತಿಳಿಸಿ ಹೇಳುತ್ತಾರೋ, ಆ ಗಿರಾಕಿ ಅವರ ಹತ್ತಿರ ಉಳಿಯುತ್ತಾನೆ. ನಾನು ಕಂಡುಕೊಂಡ ಮಾರುಕಟ್ಟೆ ಇದೇ.

ಈ ಗಿರಾಕಿಗಳು ಯಾರು, ಎಷ್ಟು ಜನ? ದೇಶದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ಹೊಸ ಕಾರು ಮಾರಾಟವಾಗುತ್ತವೆ. ಅದನ್ನು ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಹುಚ್ಚಿನ ಕಾರುಗಳ ಸಂಖ್ಯೆ ತೀರ ಸಣ್ಣದು. 2016ರಲ್ಲಿ ಫೋಕ್ಸ್‌ವ್ಯಾಗನ್ ಮೂರು ಬಾಗಿಲಿನ ಪೋಲೊ ಜಿಟಿಐ ತಂದಿತ್ತು. ಬರೀ 99 ಕಾರು. ಅದಕ್ಕೂ ಆಮೇಲೆ ಬೆಲೆ ಇಳಿಸಬೇಕಾಯಿತು. 2020ರಲ್ಲಿ ಸ್ಕೋಡಾ ತಂದ ಆಕ್ಟೇವಿಯಾ ಆರ್‌ಎಸ್ 245 ಇಡೀ ದೇಶಕ್ಕೆ 200. 2025ರಲ್ಲಿ ಗಾಲ್ಫ್ ಜಿಟಿಐ ಬಂತು. ಆಗಿನ ಬೆಲೆ 53 ಲಕ್ಷ. ಮೊದಲ ಕಂತಿನ 150 ಕಾರು ಬಿಡುಗಡೆ ಹೊತ್ತಿಗೇ ಬುಕ್ ಆಗಿಬಿಟ್ಟಿದ್ದವು. 99 ಕಾರು ಮಾರಲು ಕಷ್ಟಪಟ್ಟ ದೇಶದಲ್ಲಿ ಒಂಬತ್ತು ವರ್ಷದ ಮೇಲೆ ಎರಡರಷ್ಟು ಬೆಲೆಯ 150 ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋದವು. ಹುಚ್ಚು ಬೆಳೆದಿದೆ, ದುಡ್ಡೂ ಬೆಳೆದಿದೆ. ಸಂಖ್ಯೆ ಮಾತ್ರ ಇನ್ನೂ ನೂರುಗಳಲ್ಲೇ ಇದೆ.

ನಮ್ಮ ನಿಜವಾದ ಗಿರಾಕಿ ಗಾಲ್ಫ್ ಇಟ್ಟುಕೊಂಡವನಲ್ಲ. ಹಳೇ ಪೋಲೊ ಜಿಟಿ, ಹಳೇ ಸ್ವಿಫ್ಟ್, ಪುಂಟೊ ಅಬಾರ್ತ್, ವಿಟೆಕ್ ಹೋಂಡಾ ಸಿಟಿ, ಐ20 ಎನ್ ಲೈನ್ ಇಟ್ಟುಕೊಂಡವನು. ವಯಸ್ಸು ಇಪ್ಪತ್ತೈದರಿಂದ ನಲವತ್ತು. ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು ನಂದಿ ಬೆಟ್ಟದ ಕಡೆಗೋ ಸಕಲೇಶಪುರದ ಕಡೆಗೋ ಹೊರಡುತ್ತಾನೆ. ಅವರಲ್ಲಿ ಕೆಲವರು ರೇಸ್ ಟ್ರ್ಯಾಕಿಗೆ ಹೋಗುತ್ತಾರೆ. ಬೆಂಗಳೂರಿನವರಿಗೆ ಎರಡು ಟ್ರ್ಯಾಕ್ ಹತ್ತಿರ. ಒಂದು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಸುತ್ತಿಗೆ 3.7 ಕಿ.ಮೀ. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುತ್ತಿಗೆ 2.1 ಕಿ.ಮೀ. ಸಣ್ಣ ಟ್ರ್ಯಾಕಿನಲ್ಲಿ ತಿರುವು ಬೇಗ ಬೇಗ ಬರುತ್ತವೆ, ಬ್ರೇಕ್ ತಣ್ಣಗಾಗಲು ನೇರ ದಾರಿ ಸಿಗುವುದಿಲ್ಲ. ನಾಲ್ಕನೇ ಸುತ್ತಿನಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಬಂದವನು ಸೋಮವಾರ ನಮ್ಮ ಗ್ಯಾರೇಜ್ ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಏನೂ ವಿವರಿಸಬೇಕಾಗಿಲ್ಲ. ಆರ್‌ಬಿಎಫ್ ಇರಲಿ, ಎಸ್‌ಆರ್‌ಎಫ್ ಇರಲಿ, ಅವನು ಕೊಡುತ್ತಾನೆ.

ಒಂದು ಲೆಕ್ಕ ಮಾಡೋಣ. ಇದು ಎಣಿಸಿ ತಂದ ಅಂಕಿ ಅಲ್ಲ, ಅಂದಾಜು ತಿಳಿಯಲಿ ಅಂತ ಹಿಡಿದಿದ್ದು. ಅಂಥ ನೂರು ಗಿರಾಕಿಗಳು ನಿಮ್ಮ ಒಂದೇ ಅಂಗಡಿಗೆ ಬರುತ್ತಾರೆ ಅಂದುಕೊಳ್ಳಿ. ಪೂರ್ತಿ ಹಳೇದು ತೆಗೆದು ಹೊಸದು ತುಂಬಲು ಒಂದು ಕಾರಿಗೆ ಸುಮಾರು ಒಂದು ಲೀಟರ್ ಬೇಕು. ಅರ್ಧ ಲೀಟರಿನ ಎರಡು ಬಾಟಲಿ. ಬಾಟಲಿಗೆ 1,500 ಅಂತ ಹಿಡಿದರೆ 3,000 ರೂಪಾಯಿ. ಶೇಕಡಾ 15 ಉಳಿದರೆ 450. ವರ್ಷಕ್ಕೆ ಒಮ್ಮೆ ಬಂದರೆ ನೂರು ಜನರಿಂದ 45,000. ಜೆ.ಸಿ. ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಗೊತ್ತು, ಈ ದುಡ್ಡಿನಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ. ಅದರ ಮೇಲೆ ಬಾಟಲಿಗೆ ಎಕ್ಸ್‌ಪೈರಿ ಇದೆ. ಕಾರ್ಟನ್ ತರಿಸಿ ಅರ್ಧ ಉಳಿದುಬಿಟ್ಟರೆ ಲಾಭವೆಲ್ಲ ಅಲ್ಲೇ ಹೋಯಿತು. ಅದೂ ಸಾಲದು ಅಂತ ಗಿರಾಕಿ ಆನ್‌ಲೈನಿನಲ್ಲಿ ಕಡಿಮೆಗೆ ತರಿಸಿಕೊಂಡು ಬರುತ್ತಾನೆ. "ಅಣ್ಣ, ಆಯಿಲ್ ನಾನೇ ತಂದಿದ್ದೀನಿ, ಬ್ಲೀಡ್ ಮಾಡಿಕೊಡಿ" ಅನ್ನುತ್ತಾನೆ.

ಈ ಮಾತು ಕೇಳಿ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವನು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬಾಟಲಿ ಅವನಿಗೆ ಎಲ್ಲಿ ಬೇಕಾದರೂ ಸಿಗುತ್ತದೆ, ಬ್ಲೀಡ್ ಮಾಡುವ, ಅಂದರೆ ಹಳೇ ಆಯಿಲನ್ನೂ ಗಾಳಿಯನ್ನೂ ಹೊರಗೆ ತೆಗೆಯುವ ಕೈ ಸಿಗುವುದಿಲ್ಲ. ಒಂದೊಂದೇ ಚಕ್ರದ ನಿಪ್ಪಲ್ ತೆಗೆದು, ಪೈಪ್ ಸಿಕ್ಕಿಸಿ, ಒಬ್ಬ ಪೆಡಲ್ ಒತ್ತಿ ಹಿಡಿದು ಇನ್ನೊಬ್ಬ ಬಿಚ್ಚಿ ಮುಚ್ಚಿ, ಗುಳ್ಳೆ ನಿಂತು ಹೊಸ ಬಣ್ಣ ಬರುವ ತನಕ ತಾಳ್ಮೆಯಿಂದ ಮಾಡುವ ಕೆಲಸ ಅದು. ಡಬ್ಬಿ ಖಾಲಿಯಾಗಿ ಗಾಳಿ ಎಳೆಯದ ಹಾಗೆ ನೋಡಿಕೊಳ್ಳಬೇಕು. ಕೆಲವು ಕಾರಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಘಟಕದೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ ಬೇಕು. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಎದ್ದುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡುವ ಗ್ಯಾರೇಜ್ ಊರಿಗೆ ಎಷ್ಟಿವೆ ಹೇಳಿ? ಆ ಕೂಲಿಗೆ ಸರಿಯಾದ ಬೆಲೆ ಕೇಳಿ. ಕಾರು ಹುಡುಗರು ಬಾಟಲಿಗೆ ಚೌಕಾಸಿ ಮಾಡುತ್ತಾರೆ, ಒಳ್ಳೇ ಕೈಗೆ ಮಾಡುವುದಿಲ್ಲ. ಚಕ್ರ ಬಿಚ್ಚಿದಾಗ ಪ್ಯಾಡ್ ಎಷ್ಟು ಉಳಿದಿದೆ, ಹೋಸ್ ಒಡೆದಿದೆಯಾ, ಡಿಸ್ಕ್ ಸವೆದಿದೆಯಾ ಎಲ್ಲ ಕಾಣುತ್ತದೆ. ಕಾಣಿಸಿದ್ದನ್ನು ಅವನಿಗೇ ತೋರಿಸಿ. ಮುಂದಿನ ಕೆಲಸ ತಾನಾಗಿ ಬರುತ್ತದೆ.

ನಂಬಿಕೆ ಗಳಿಸುವುದು ಹೇಗೆ ಅಂತ ಕೇಳಿದರೆ, ನಮ್ಮಲ್ಲಿ ಮಾಡುವುದನ್ನು ಹೇಳುತ್ತೇನೆ. ಡೂಪ್ಲಿಕೇಟ್ ಕಾಟ ನಿಮಗೆಲ್ಲ ಗೊತ್ತಿದೆ. ಅದಕ್ಕೇ ಬಾಟಲಿಯ ಸೀಲನ್ನು ಗಿರಾಕಿಯ ಮುಂದೆಯೇ ಒಡೆಯುತ್ತೇವೆ. ಬ್ಯಾಚ್ ನಂಬರ್, ಬದಲಿಸಿದ ತಾರೀಖು, ಓಡಿದ ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸುತ್ತೇವೆ. ತೆಗೆದ ಹಳೇ ಆಯಿಲ್ ಮತ್ತು ಹೊಸದು, ಎರಡನ್ನೂ ಗಾಜಿನ ಲೋಟದಲ್ಲಿ ಅಕ್ಕಪಕ್ಕ ಇಟ್ಟು ತೋರಿಸುತ್ತೇವೆ. ಬೇರೆ ಯಾವ ಜಾಹೀರಾತೂ ಇಷ್ಟು ಕೆಲಸ ಮಾಡಿಲ್ಲ. ಅರ್ಧ ಉಳಿದ ಬಾಟಲಿಯನ್ನು ಎತ್ತಿಟ್ಟು ಮುಂದಿನ ತಿಂಗಳು ಇನ್ನೊಬ್ಬರಿಗೆ ಹಾಕುವುದಿಲ್ಲ. ಒಡೆದ ಬಾಟಲಿಯೂ ಗಾಳಿಯ ನೀರು ಕುಡಿಯುತ್ತಿರುತ್ತದೆ. ಹಾಗಾಗಿ ಸಣ್ಣ ಬಾಟಲಿ ಸಿಗುವ ಕಡೆ ಸಣ್ಣದನ್ನೇ ತರಿಸುತ್ತೇನೆ. ನೀರಿನ ಅಂಶ ನೋಡುವ ಪೆನ್ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ. ಅದು ಆಯಿಲ್‌ನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಅಂದಾಜು ಹೇಳುತ್ತದೆ ಅಷ್ಟೇ. ನಾನು ಅದನ್ನು ಬಳಸುತ್ತೇನೆ, ಆದರೆ ಹಸಿರು ದೀಪ ಹತ್ತಿತು ಅಂತ ಐದು ವರ್ಷದ ಆಯಿಲನ್ನು ಬಿಡುವುದಿಲ್ಲ.

ಇನ್ನು ಸುಳ್ಳಿನ ವಿಷಯ. "ಈ ಆಯಿಲ್ ಹಾಕಿದರೆ ಬ್ರೇಕ್ ಜಾಸ್ತಿ ಹಿಡಿಯುತ್ತೆ" ಅಂತ ಹೇಳಿ ಮಾರುವವರನ್ನು ನೋಡಿದ್ದೇನೆ. ಇದು ತಪ್ಪು. ಆಯಿಲ್ ಕುದಿಯದ ಸ್ಥಿತಿಯಲ್ಲಿ ಇದ್ದರೆ 300 ರೂಪಾಯಿಯದ್ದೂ 3,000 ರೂಪಾಯಿಯದ್ದೂ ಕಾರನ್ನು ಅಷ್ಟೇ ದೂರದಲ್ಲಿ ನಿಲ್ಲಿಸುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡುವವನಿಗೆ ರೇಸಿಂಗ್ ಆಯಿಲ್‌ನಿಂದ ಏನೂ ಸಿಗುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ಟ್ರ್ಯಾಕಿನಿಂದ ಬಂದವನು "ಬ್ರೇಕ್ ಹೋಯ್ತು" ಅಂದರೆ ಮೊದಲು ಒಂದು ಪ್ರಶ್ನೆ ಕೇಳಿ: ಪೆಡಲ್ ಗಟ್ಟಿ ಇತ್ತಾ, ಮೆತ್ತಗಿತ್ತಾ? ಮೆತ್ತಗಿದ್ದು ಒಳಗೆ ಹೋಗಿದ್ದರೆ ಕುದಿದಿದ್ದು ಆಯಿಲ್. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಬಿಸಿಯಾಗಿ ಹಿಡಿತ ಬಿಟ್ಟಿದೆ. ಅವನಿಗೆ ಬೇಕಾಗಿರುವುದು ಒಳ್ಳೇ ಪ್ಯಾಡ್. ಅಂಥವನಿಗೆ ಎಸ್‌ಆರ್‌ಎಫ್ ಮಾರಿ ಕಳಿಸಿದರೆ ಮುಂದಿನ ಸಲ ಅದೇ ತಿರುವಿನಲ್ಲಿ ಅದೇ ಕಥೆ. ಅದು ಜೀವದ ವಿಷಯ.

ಇನ್ನೆರಡು ಎಚ್ಚರಿಕೆ. ಡಾಟ್ 5 ಅನ್ನುವುದು 5.1ರ ತಮ್ಮ ಅಲ್ಲ. ಅದು ಸಿಲಿಕಾನ್, ನೇರಳೆ ಬಣ್ಣ, ಬೇರೆ ಆಯಿಲ್ ಜೊತೆ ಬೆರೆಯುವುದಿಲ್ಲ, ಎಬಿಎಸ್ ಕಾರಿಗೆ ಬೇಡ. ಅಂಕಿ ದೊಡ್ಡದು ಅಂತ ಹಾಕಿಬಿಟ್ಟೀರಿ. ಎರಡನೆಯದು, ಈಗಿನ ಎಷ್ಟೋ ಕಾರುಗಳಲ್ಲಿ ಎಬಿಎಸ್ ಜೊತೆ ಇಎಸ್‌ಸಿ, ಅಂದರೆ ಕಾರು ಜಾರದ ಹಾಗೆ ತಡೆಯುವ ವ್ಯವಸ್ಥೆ ಇದೆ. ಅದರ ಸಣ್ಣ ವಾಲ್ವ್‌ಗಳಲ್ಲಿ ಆಯಿಲ್ ಬೇಗ ಹರಿಯಲಿ ಅಂತ ಕೆಲವು ಕಂಪನಿಗಳು ತೆಳುವಾದ ಡಾಟ್ 4 ಎಲ್‌ವಿ ಹೇಳುತ್ತವೆ. ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ಗಿರಾಕಿ ರೇಸಿಂಗ್ ಆಯಿಲ್ ಬೇಕೇ ಬೇಕು ಅಂದರೆ ಈ ವ್ಯತ್ಯಾಸ ಹೇಳಿ, ಆಮೇಲೆ ಅವನು ನಿರ್ಧಾರ ಮಾಡಲಿ.

ಹಾಗಾದರೆ ದೊಡ್ಡ ಮಾರುಕಟ್ಟೆ ಎಲ್ಲಿ? ಪ್ರತಿ ಮನೆತನದಲ್ಲೂ ಒಬ್ಬ ಕಾರು ಹುಚ್ಚ ಇರುತ್ತಾನೆ. ಮಾವನಿಗೆ ಕಾರು ಬೇಕಾದರೆ ಅವನನ್ನೇ ಕೇಳುತ್ತಾರೆ. ಚಿಕ್ಕಪ್ಪನ ಎರ್ಟಿಗಾ, ಅಪ್ಪನ ಇನ್ನೋವಾ, ಆಫೀಸಿನ ಗೆಳೆಯರ ಕ್ರೆಟಾ, ಎಲ್ಲದಕ್ಕೂ ಅವನ ಮಾತೇ ಮಾತು. ಅವನಿಗೆ ನೀವು ಡ್ರೈ, ವೆಟ್ ಅರ್ಥ ಮಾಡಿಸಿದರೆ ಅವನು ಹೋಗಿ ಹತ್ತು ಜನಕ್ಕೆ ಹೇಳುತ್ತಾನೆ. ಆ ಹತ್ತು ಕಾರಿಗೆ ಆರ್‌ಬಿಎಫ್ ಬೇಕಾಗಿಲ್ಲ. ಒಳ್ಳೇ ಕಂಪನಿಯ ಡಾಟ್ 4, ಎರಡು ವರ್ಷಕ್ಕೊಮ್ಮೆ, ಪೂರ್ತಿ ಬದಲಾವಣೆ. ಅಷ್ಟೇ. ಏಳು ಜನ ಕೂತು, ಮೇಲೆ ಲಗೇಜು ಕಟ್ಟಿ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಇಳಿಯುವ ಗಾಡಿಗಳು ಇವು. ಟ್ರ್ಯಾಕಿಗೆ ಹೋಗುವ ಹುಡುಗನಿಗೆ ತನ್ನ ಬ್ರೇಕ್ ಎಷ್ಟು ಬಿಸಿಯಾಗಿದೆ ಅಂತ ಗೊತ್ತಿರುತ್ತದೆ. ಇವರಿಗೆ ಗೊತ್ತಿರುವುದಿಲ್ಲ.

ಎಲೆಕ್ಟ್ರಿಕ್ ಕಾರು ಬಂದರೆ ಈ ಕೆಲಸ ಹೋಗುತ್ತಾ ಅಂತ ಬೆಳಿಗ್ಗೆ ಚಹಾ ಹೊತ್ತಿನಲ್ಲಿ ಒಬ್ಬರು ಕೇಳಿದ್ದರು. ಮೋಟಾರೇ ಬ್ರೇಕ್ ಹಿಡಿಯುವುದರಿಂದ ಪ್ಯಾಡ್ ನಿಧಾನ ಸವೆಯುತ್ತದೆ, ನಿಜ. ಆಯಿಲ್‌ಗೆ ಆ ರಿಯಾಯಿತಿ ಇಲ್ಲ, ಬ್ರೇಕ್ ಒತ್ತದಿದ್ದರೂ ಅದು ನೀರು ಹೀರುತ್ತಲೇ ಇರುತ್ತದೆ. ಇನ್ನೊಂದು ಯೋಚಿಸಿ. ಘಟ್ಟದ ಮೇಲೆ ರಾತ್ರಿ ಪೂರ್ತಿ ಚಾರ್ಜ್ ಹಾಕಿ ಬೆಳಿಗ್ಗೆ ಇಳಿಯಲು ಶುರು ಮಾಡಿದರೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ಮೋಟಾರಿನ ಬ್ರೇಕ್ ಆಗ ಕಡಿಮೆ ಸಿಗುತ್ತದೆ. ಭಾರದ ಕಾರು, ಹಳೇ ಆಯಿಲ್, ಕಡಿದಾದ ಇಳಿಜಾರು. ಈ ಗಿರಾಕಿಗೂ ನೀವು ಬೇಕು.

ಮಾತು ಮುಗಿಸಿದ ಮೇಲೆ ಹುಬ್ಬಳ್ಳಿ ಕಡೆಯ ಅಂಗಡಿಯವರೊಬ್ಬರು ಎದ್ದು ನಿಂತರು. "ಸರ್, ನಮ್ಮಲ್ಲಿ ಟ್ರ್ಯಾಕಿಗೆ ಹೋಗೋ ಮಂದಿ ಇಲ್ರೀ. ನಾ ಏನ್ ಸ್ಟಾಕ್ ಇಡ್ಲಿ?" ಅಂದರು. ನಿಮ್ಮ ಗಿರಾಕಿಗಳು ರಜೆಗೆ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದೆ. ಗೋಕರ್ಣ, ಗೋವಾ ಅಂದರು. ಹಾಗಾದರೆ ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುತ್ತಾರಲ್ಲವೇ ಅಂದೆ. ಹೌದು ಅಂತ ತಲೆಯಾಡಿಸಿದರು. ಒಂದು ಕಾರ್ಟನ್ ಒಳ್ಳೇ ಡಾಟ್ 4, ಕೆಲವು ಬಾಟಲಿ 5.1, ಆರ್‌ಬಿಎಫ್ ಮಾತ್ರ ಆರ್ಡರ್ ಬಂದಾಗ ಅಂತ ಹೇಳಿದೆ. ಮೊದಲ ಬಾಟಲಿಯನ್ನು ಅವರ ಸ್ವಂತ ಗಾಡಿಗೇ ಹಾಕಿಸಿಕೊಳ್ಳಿ ಅಂತಲೂ ಹೇಳಿದೆ. ಅವರ ಕಾರಿನ ಆಯಿಲ್ ಬದಲಿಸಿ ಎಷ್ಟು ದಿನ ಆಯಿತು ಅಂತ ಕೇಳಿದಾಗ ಅವರಿಗೆ ನೆನಪಿರಲಿಲ್ಲ. ಊಟದ ಹೊತ್ತಿನಲ್ಲಿ ಇಬ್ಬರೂ ಕೆಳಗೆ ಹೋಗಿ ಬಾನೆಟ್ ಎತ್ತಿ ನೋಡಿದೆವು.